ನಡುಮನೆಯ ಕಂಬಿ

ಟೈಲರಮ್ಮನಿಗೆ ಬೇಕಾಗಿದ್ದದ್ದು ಒಂದೇ: ಯಾರ ಹೆಗಲನ್ನೂ ಹಿಡಿಯದೆ ಬಚ್ಚಲಿಗೆ ಹೋಗಿ ಬರುವುದು. ಸೊಂಟ ಮುರಿದು ಆಪರೇಷನ್ ಆದ ಮೇಲೆ ವಾಕರ್ ಹಿಡಿದು ನಡೆಯುತ್ತಿದ್ದರು. ಎತ್ತರದ ಮಂಚದಿಂದ ಏಳುವುದಕ್ಕೂ ತೊಂದರೆಯಿರಲಿಲ್ಲ. ಕಮೋಡಿನ ಮೇಲೆ ಕೂತರೆ ಮಾತ್ರ ತಂಗಿ ಬಂದು ಎತ್ತಬೇಕು. ತಂಗಿಗೂ ಅರವತ್ತು ದಾಟಿತ್ತು, ಬೆನ್ನು ಆಗಲೇ ಕೈಕೊಟ್ಟಿತ್ತು. ಕಮೋಡಿನ ಪಕ್ಕದ ಗೋಡೆಗೆ ಒಂದು ಸ್ಟೀಲ್ ಕಂಬಿ ಇದ್ದರೆ ಸಾಕಿತ್ತು. ಬಾಡಿಗೆ ಮನೆ, ಸರ್ಕಾರದವರು ಬಂದು ಕೊರೆದರೆ ಸರಿ, ಬೇರೆ ಯಾರೂ ಗೋಡೆ ಮುಟ್ಟುವ ಹಾಗಿಲ್ಲ ಎಂದು ಮಾಲೀಕ ಕಡ್ಡಿ ಮುರಿದ ಹಾಗೆ ಹೇಳಿದ್ದ.

ಸರ್ಕಾರದವರು ಬಂದರು. ಅದೂ ಎಂಥ ಹೊತ್ತಿನಲ್ಲಿ! ಆರೋಗ್ಯ ಇಲಾಖೆಯನ್ನೂ, ಕೈಲಾಗದವರನ್ನು ಮನೆಗೆ ಬಂದು ನೋಡಿಕೊಳ್ಳುವ ಆರೈಕೆ ಇಲಾಖೆಯನ್ನೂ ಒಂದು ಮಾಡುವ ಯೋಜನೆ ಆಗಷ್ಟೇ ಶುರುವಾಗಿತ್ತು. ಮೊದಲು ಒಬ್ಬೊಬ್ಬರೇ ಬಂದು ಒಂದಿಷ್ಟಾದರೂ ಕೆಲಸ ಮಾಡಿ ಹೋಗುತ್ತಿದ್ದರು. ಈಗ ಜೊತೆಯಾಗಿ ಬಂದು ಜೊತೆಯಾಗಿ ನಿಂತು ನೋಡಿದರು.

"ಕಂಬಿ ಮಂಚದ ಹತ್ರ ಇರ್ಬೇಕು," ಎಂದಳು ಆರೋಗ್ಯದ ನರ್ಸು.

"ಬಚ್ಚಲಲ್ಲಿ ಇರ್ಬೇಕು," ಎಂದ ಆರೈಕೆಯ ಮೇಲ್ವಿಚಾರಕ.

"ಬಚ್ಚಲಲ್ಲೇ ಹಾಕ್ರಪ್ಪಾ, ಕೂತು ಏಳೋಳು ನಾನು," ಎಂದರು ಟೈಲರಮ್ಮ. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಮೂರು ಮೀಟಿಂಗ್ ನಡೆದವು. ಯಾರ ಮನಸ್ಸಿಗೂ ನೋವಾಗದ ಹಾಗೆ, ಮಂಚಕ್ಕೂ ಬಚ್ಚಲಿಗೂ ಸರಿಯಾಗಿ ಮಧ್ಯೆ, ನಡುಮನೆಯ ಗೋಡೆಗೆ ಕಂಬಿ ಬಡಿದು ಹೋದರು. ಅಂಗಿಗೆ ಜೇಬು ಎಡಕ್ಕೋ ಬಲಕ್ಕೋ ಎಂದು ಜಗಳವಾಗಿ ಕೊನೆಗೆ ಬೆನ್ನಿಗೆ ಹೊಲಿದ ಹಾಗಾಯಿತು. ನಲವತ್ತು ವರ್ಷ ಹೊಲಿದ ಟೈಲರಮ್ಮ ಎಂಥೆಂಥ ಪೆದ್ದ ಗಿರಾಕಿಗಳನ್ನು ಕಂಡಿದ್ದರೂ ಇಂಥವರನ್ನು ಕಂಡಿರಲಿಲ್ಲ. ತಂಗಿ ಆ ಕಂಬಿಯ ಮೇಲೆ ಟವೆಲ್ ಒಣಹಾಕತೊಡಗಿದಳು.

ಆಮೇಲೆ ಯೋಜನೆ ಹೇಗೆ ನಡೆದಿದೆ ಎಂದು ಅಳೆಯಲು ಮೌಲ್ಯಮಾಪನದ ಸಾಹೇಬರು ಬಂದರು. ಹಿಂದೆಯೇ ನರ್ಸು, ಮೇಲ್ವಿಚಾರಕ, ಕ್ಯಾಮೆರಾದವನು. ಕಂಬಿಯ ಕೆಳಗೆ ಕೂತಿದ್ದರೆ ಫೋಟೋ ಚೆನ್ನಾಗಿ ಬರುತ್ತದೆಂದು ಹಿಂದಿನ ದಿನವೇ ಇಲಾಖೆಯಿಂದ ಫೋನು ಬಂದಿತ್ತು. ತಂಗಿ ಅಕ್ಕನನ್ನು ಬೆಳಿಗ್ಗೆಯೇ ನಡುಮನೆಯ ತಗ್ಗು ಸೋಫಾದಲ್ಲಿ ಕೂರಿಸಿದ್ದಳು. ಕೂರಿಸುವಾಗಲೇ ಅವಳ ಬೆನ್ನು ಹಿಡಿದುಕೊಂಡಿತ್ತು. ಈಗ ಗೋಡೆಗೊರಗಿ ಹಲ್ಲು ಕಚ್ಚಿ ನಿಂತಿದ್ದಳು.

"ಕಂಬಿ ದಿನಾ ಬಳಕೆ ಆಗ್ತಿದೆಯಾಮ್ಮ?" ಸಾಹೇಬರು ಕೇಳಿದರು.

"ದಿನಾ ಆಗ್ತಿದೆ. ಟವೆಲ್ ಬೇಗ ಒಣಗುತ್ತೆ."

ಸಾಹೇಬರು 'ದಿನಾ' ಎಂಬುದನ್ನಷ್ಟೇ ಬರೆದುಕೊಂಡರು. "ಎರಡೂ ಇಲಾಖೆಗಳ ಹೊಂದಾಣಿಕೆಗೆ ಐದಕ್ಕೆ ಎಷ್ಟು ಕೊಡ್ತೀರಿ?"

"ಅದು ಆಮೇಲೆ ಹೇಳ್ತೀನಿ. ನಾನು ಬಚ್ಚಲಿಗೆ ಹೋಗ್ಬೇಕು. ಸ್ವಲ್ಪ ಎತ್ತಿ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

"ಎತ್ತೋದು ಆರೈಕೆಯವರ ಕೆಲಸ," ಎಂದಳು ನರ್ಸು.

"ಆಪರೇಷನ್ ಆದ ಸೊಂಟ. ಹೆಚ್ಚುಕಮ್ಮಿ ಆದ್ರೆ ಯಾರು ಉತ್ತರ ಕೊಡ್ತಾರೆ? ಅದು ಆರೋಗ್ಯದವರದ್ದು," ಎಂದ ಮೇಲ್ವಿಚಾರಕ.

"ಇಬ್ರೂ ಚರ್ಚೆ ಮಾಡಿ, ಇದೇ ನಾವು ನೋಡ್ಬೇಕಾಗಿರೋದು," ಎಂದು ಸಾಹೇಬರು ಖುಷಿಯಿಂದ ಕುರ್ಚಿ ಮುಂದೆಳೆದುಕೊಂಡರು.

ತಂಗಿ ಬಂದು ಅಕ್ಕನ ಕಂಕುಳಿಗೆ ಕೈಹಾಕಿದಳು. "ಅಮ್ಮಾ" ಎಂದು ಅರ್ಧಕ್ಕೇ ಕುಸಿದು ಸೋಫಾದ ಕೈ ಹಿಡಿದುಕೊಂಡಳು.

"ಬಿಡೇ, ನೀನೂ ಹಾಸಿಗೆ ಹಿಡೀಬೇಡ," ಎಂದರು ಟೈಲರಮ್ಮ. ತಲೆಯ ಮೇಲಿನ ಕಂಬಿಗೆ ಕೈ ಚಾಚಿದರು, ಎಟುಕಲಿಲ್ಲ. ಚರ್ಚೆ ಎರಡನೇ ಸುತ್ತಿಗೆ ಬಂದಿತ್ತು. ಅಷ್ಟರಲ್ಲಿ ಆಗಬಾರದ್ದು ಆಗಿಹೋಯಿತು.

ಸೀರೆಯ ಅಂಚು ಬಿಚ್ಚಿದ್ದರೆ ಬಾಗಿಲಿಗೂ ಬಾರದ ಹೆಂಗಸು ನಾಲ್ಕು ಜನ ಪರರ ಮುಂದೆ ಒದ್ದೆಯಾಗಿ ಕೂತಿದ್ದರು. ನೀರು ಸೋಫಾದಿಂದ ಇಳಿದು ಸಾಹೇಬರ ಬೂಟಿನ ಕಡೆ ಹರಿಯಿತು. ಅವರು ಕಾಲು ಹಿಂದೆಳೆದುಕೊಂಡು ಕಿಟಕಿ ನೋಡಿದರು. ಟೈಲರಮ್ಮನಿಗೆ ಸತ್ತರೆ ಸಾಕು ಅನ್ನಿಸಿತು. ಆದರೂ ಇವರ ಮುಂದೆ ಅಳುವಷ್ಟು ಮರ್ಯಾದೆಯನ್ನು ಇವರಿಗೆ ಕೊಡಲು ಮನಸ್ಸು ಒಪ್ಪಲಿಲ್ಲ.

"ತಂಗೀ, ಟವೆಲ್ ಕೊಡೆ."

ತಂಗಿ ಬಗ್ಗಿದ ಬೆನ್ನಿನಲ್ಲೇ ತಡಕಾಡಿ ಕಂಬಿಯಿಂದ ಟವೆಲ್ ಎಳೆದು ಕೊಟ್ಟಳು. ಟೈಲರಮ್ಮ ಅದನ್ನು ಮಡಿಲ ಮೇಲೆ ಹಾಸಿಕೊಂಡು ಸಾಹೇಬರ ಮುಖವನ್ನೇ ನೋಡಿದರು.

"ಕಂಬಿ ಉಪಯೋಗಕ್ಕೆ ಬಂತು ಸಾರ್. ಬರ್ಕೊಳ್ಳಿ."

ಸಾಹೇಬರು ಬರೆದುಕೊಂಡರು.