ಎಬ್ಬಿಸಿ ನಿಲ್ಲಿಸಿದ ಕುದುರೆ

ಮಗಳ ಶಾಲೆಯವರು ಈ ವರ್ಷವನ್ನು ‘ಸೃಜನಶೀಲತೆಯ ವರ್ಷ’ ಎಂದು ಸಾರಿ ಗೇಟಿಗೆ ಬ್ಯಾನರು ಕಟ್ಟಿದ ದಿನವೇ ಹಲ್ಲಪ್ಪನಿಗೆ ಅನುಮಾನ ಬಂದಿತ್ತು. ಇರುವುದಕ್ಕೆ ಯಾರೂ ಬ್ಯಾನರು ಕಟ್ಟುವುದಿಲ್ಲ. ಹೋಟೆಲಿನವನು ‘ಇಲ್ಲಿ ಶುಚಿಯಿದೆ’ ಎಂದು ಗೋಡೆಗೆ ಬರೆಸಿದ್ದರೆ ಒಳಗೆ ಕಾಲಿಡುವ ಮುನ್ನ ಎರಡು ಸಲ ಯೋಚಿಸಬೇಕು.

ಹಲ್ಲಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ದಂತವೈದ್ಯರು ಕಳಿಸುವ ಬಾಯಿಯ ಅಚ್ಚುಗಳಿಗೆ ಪ್ಲಾಸ್ಟರು ಹುಯ್ದು, ಗುಲಾಬಿ ಮೇಣದಲ್ಲಿ ವಸಡು ತಿದ್ದಿ, ಕಟ್ಟು ಹಲ್ಲು ಕೂರಿಸುವ ಲ್ಯಾಬಿನಲ್ಲಿ ಅವನು ಮದುವೆಗೂ ಮುಂಚಿನಿಂದ ಬೆನ್ನು ಬಗ್ಗಿಸಿದ್ದ. ಆ ಹೆಸರು ಭಾವಮೈದುನನ ಕಾಣಿಕೆ. ಹೆಂಡತಿ ಕೋಪ ಬಂದಾಗ ಮಾತ್ರ ಹಾಗೆ ಕರೆಯುತ್ತಿದ್ದಳು. ಅಂದರೆ ಹೆಚ್ಚುಕಡಿಮೆ ದಿನವೂ.

ಮಗಳು ಮೆಣಸು ಐದನೇ ಕ್ಲಾಸು. ಗಾತ್ರ ಕಾಳಿನಷ್ಟು, ಖಾರ ಮನೆ ತುಂಬ. ಹೋದ ವರ್ಷದ ತನಕ ಅಪ್ಪ ತಂದ ಮೇಣದ ಚೂರಿನಲ್ಲಿ ಏನೇನೋ ಮಾಡುತ್ತಿದ್ದಳು. ಒಮ್ಮೆ ಚಪ್ಪಲಿ ಹಾಕಿಕೊಂಡ ಮೀನು ಮಾಡಿದ್ದಳು. ಮೀನಿಗ್ಯಾಕೆ ಚಪ್ಪಲಿ ಎಂದರೆ, “ದಡಕ್ಕೆ ಬಂದ್ರೆ ಮರಳು ಸುಡಲ್ವಾ?” ಎಂದು ಅಪ್ಪನನ್ನೇ ಪೆದ್ದನಂತೆ ನೋಡಿದ್ದಳು. ಈ ವರ್ಷ ಆ ಖಾರವೆಲ್ಲ ಎತ್ತ ಹೋಯಿತೋ. “ಅಪ್ಪ, ಆಕಾಶಕ್ಕೆ ಯಾವ ಬಣ್ಣ ಹಾಕ್ಲಿ?” “ಅಪ್ಪ, ಮನೆ ದೊಡ್ಡದು ಬರೀಲಾ, ಚಿಕ್ಕದಾ?” ನಿನಗೆ ಇಷ್ಟ ಬಂದಂತೆ ಬರಿ ಎಂದರೆ ಖಾಲಿ ಹಾಳೆಯ ಮುಂದೆ ಕೈ ಮಡಚಿ ಕೂರುತ್ತಿದ್ದಳು. ಹಟ ಮಾಡುವ ಮಗುವಾದರೂ ಬೇಕು, ಇದೆಂಥ ಸೌಮ್ಯತೆ ಎಂದು ಹಲ್ಲಪ್ಪ ಗೊಣಗುತ್ತಿದ್ದ.

ಶನಿವಾರ ಮಕ್ಕಳ ಕೈಕೆಲಸದ ಪ್ರದರ್ಶನವಿತ್ತು. ಅರ್ಧ ದಿನ ರಜೆ ಹಾಕಿ ಹೋದ. ಸಭಾಂಗಣದ ಉದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಬಿಳಿ ಬಟ್ಟೆ ಹಾಸಿದ ಕಟ್ಟೆ. ಅದರ ಮೇಲೆ ಐದನೇ ಕ್ಲಾಸಿನ ಮಣ್ಣಿನ ಕುದುರೆಗಳು. ಎಲ್ಲವೂ ಎಡಕ್ಕೆ ಮುಖ ಮಾಡಿ, ಎಲ್ಲವೂ ಮುಂಗಾಲೊಂದನ್ನು ಎತ್ತಿ, ಬಾಚಿ ಇಳಿಬಿಟ್ಟ ಅದೇ ಜೂಲಿನಲ್ಲಿ ನಿಂತಿದ್ದವು. ಒಂದು ಕುದುರೆ ಸೀನಿದ್ದರೆ ಉಳಿದವೂ ಸೀನುತ್ತಿದ್ದವೋ ಏನೋ. ಮೇಲೆ ದಪ್ಪಕ್ಷರದಲ್ಲಿ, ‘ನಮ್ಮ ಕಲ್ಪನೆಯ ಕುದುರೆಗಳು’.

“ನಿನ್ನದು ಯಾವುದು ಕಣೇ?” ಎಂದು ಪಕ್ಕದಲ್ಲಿದ್ದ ಮಗಳನ್ನು ಕೇಳಿದ.

ಮೆಣಸು ಕಟ್ಟೆಯನ್ನು ಮೇಲಿಂದ ಕೆಳಗೆ ನೋಡಿದಳು. ಮತ್ತೆ ನೋಡಿದಳು. ಆಮೇಲೆ ತಿರುಗಿ, ಅಲ್ಲೇ ನಿಂತಿದ್ದ ಚಿತ್ರಕಲೆ ಮೇಡಂ ಮುಖ ನೋಡಿದಳು.

“ಎರಡನೇ ಸಾಲು ಪುಟ್ಟಾ, ಕೊನೇದು,” ಎಂದರು ಮೇಡಂ, ಕಳೆದ ಕೊಡೆಯನ್ನು ಹುಡುಕಿ ಕೊಟ್ಟವರ ಔದಾರ್ಯದಲ್ಲಿ.

ತಾನು ಮಾಡಿದ್ದು ತನಗೇ ಗುರುತು ಸಿಗಲಿಲ್ಲ! ಹಲ್ಲಪ್ಪನಿಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು.

“ತುಂಬಾ ಚೆನ್ನಾಗಿದೆ ಮೇಡಂ. ಯಾರು ಮಾಡಿದ್ದು?”

“ಮಕ್ಕಳೇ! ನಾನು ಲಾಸ್ಟಲ್ಲಿ ಒಂಚೂರು ಫಿನಿಶಿಂಗ್ ಕೊಟ್ಟೆ, ಅಷ್ಟೇ. ಇವರ ಕೈಗೇ ಬಿಟ್ರೆ ಏನು ಮಾಡ್ತಾರೆ ಗೊತ್ತಾ? ನಿಮ್ಮ ಮಗಳು ಕುದುರೆನ ಅಂಗಾತ ಮಲಗಿಸಿದ್ಲು, ನಾಲ್ಕೂ ಕಾಲು ಮೇಲೆ! ಸತ್ತಿದ್ಯಾ ಅಂದ್ರೆ, ಇಲ್ಲ ಮಿಸ್, ಬೆನ್ನು ಕಡೀತಿದೆ ಅಂತಾಳೆ. ತೀರ್ಪುಗಾರರು ಏನಂದ್ಕೋಬೇಕು ಹೇಳಿ? ನಾನೇ ಎಬ್ಬಿಸಿ ನಿಲ್ಲಿಸಿದೆ.” ಮೇಡಂ ದನಿ ತಗ್ಗಿಸಿದರು. “ಬೇಜಾರು ಮಾಡ್ಕೋಬೇಡಿ. ಇವಳಿಗೆ ಸ್ವಂತ ಯೋಚನೆ ಸ್ವಲ್ಪ ಕಮ್ಮಿ. ಎಲ್ಲಾ ಕೇಳಿ ಕೇಳಿ ಮಾಡ್ತಾಳೆ. ಮನೇಲಿ ಸ್ವಲ್ಪ ಗಮನ ಕೊಡಿ.”

ಕಾಲು ಮುರಿದವರೇ ಬಂದು ಕುಂಟು ಯಾಕೆ ಎಂದು ಕೇಳುವುದು ಅಂದರೆ ಇದು. ಎಷ್ಟು ಮಾಡಿದರೂ ಕೊನೆಗೆ ಇನ್ನೊಬ್ಬರ ಹೆಬ್ಬೆಟ್ಟೇ ಬೀಳುವುದಾದರೆ ಯಾವ ಮಗು ತಲೆ ಕೆಡಿಸಿಕೊಳ್ಳುತ್ತದೆ? ಕೇಳಿಬಿಡುವುದೇ ಜಾಣತನ.

“ನಮ್ಮ ಲ್ಯಾಬಲ್ಲಿ ಎಲ್ಲರಿಗೂ ಒಂದೇ ಸೆಟ್ ಹಲ್ಲು ಮಾಡಿದ್ರೆ ಜನ ಅದೇ ಹಲ್ಲಲ್ಲಿ ನಮ್ಮನ್ನ ಕಚ್ತಾರೆ ಮೇಡಂ,” ಎಂದ.

“ಹೌದಾ? ಪಾಪ, ಕಷ್ಟದ ಕೆಲಸ,” ಎಂದು ಮೇಡಂ ಮುಂದಿನ ಪೋಷಕರತ್ತ ನಕ್ಕರು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲವನ್ನೂ ಮೇಡಂ ದನಿಯಲ್ಲೇ ಆಡಿ ತೋರಿಸಿದ. ಹೆಂಡತಿ ಬಟ್ಟೆ ಮಡಚುತ್ತ ಕೇಳಿದಳು. “ಎಲ್ಲಾ ಸರಿ. ಹೋದ ವಾರ ಅವಳ ಮ್ಯಾಪಿಗೆ ನದಿ ಬರೆದವರು ಯಾರು?”

“ಅದು ವಕ್ರವಾಗಿತ್ತು ಕಣೇ.”

“ಮತ್ತೆ ನದಿ ನೆಟ್ಟಗಿರುತ್ತಾ?”

ಹಲ್ಲಪ್ಪ ಬಟ್ಟೆಯ ರಾಶಿಯಿಂದ ತನ್ನ ಟವೆಲ್ಲು ಎಳೆದುಕೊಂಡು ಸ್ನಾನಕ್ಕೆ ಹೊರಟ. ಹೆಂಡತಿಯರ ಸತ್ಯಗಳಿಗೆಲ್ಲ ಉತ್ತರ ಕೊಡುತ್ತ ಕೂತರೆ ಸಂಸಾರ ಸಾಗುವುದುಂಟೇ?

ಭಾನುವಾರ ಬೆಳಗ್ಗೆ ಊಟದ ಮೇಜಿನ ಮೇಲೆ ಹಳೆ ಪೇಪರು ಹರಡಿ, ಮೇಣವನ್ನು ಬೆಚ್ಚಗೆ ಮಾಡಿ ಮಗಳ ಮುಂದಿಟ್ಟ. “ಮಾಡು, ಬೆನ್ನು ಕಡಿಯೋ ಕುದುರೆ. ಯಾರೂ ಮುಟ್ಟಲ್ಲ.”

“ಕಾಲು ಎಷ್ಟು ಉದ್ದ ಮಾಡ್ಲಿ?”

“ನಿನ್ನ ಕುದುರೆ, ನಿನ್ನ ಕಾಲು.”

ಅವಳು ಹೆದರುತ್ತ ಹೆದರುತ್ತ ಶುರು ಮಾಡಿದಳು. ಹೊಟ್ಟೆ ಬಂತು, ಕುತ್ತಿಗೆ ಬಂತು. ಕುತ್ತಿಗೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಇಷ್ಟು ವರ್ಷ ವಸಡು ತಿದ್ದಿದ ಕೈ. ಅದಕ್ಕೆ ಯಾರ ಅಪ್ಪಣೆ ಬೇಕು? ಹಲ್ಲಪ್ಪನ ಹೆಬ್ಬೆರಳು ತಾನಾಗಿ ಹೋಗಿ ಕುತ್ತಿಗೆಯನ್ನು ನಯವಾಗಿ ಸವರಿಬಿಟ್ಟಿತು. ಚಂದವೂ ಆಯಿತು.

ಮೆಣಸು ಎರಡೂ ಕೈಗಳನ್ನು ಮೇಣದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು, ಅಪ್ಪ ಮುಗಿಸಲಿ ಎಂದು ಸುಮ್ಮನೆ ಕಾದಳು. ಶಾಲೆಯಲ್ಲಿ ಹೀಗೇ ಕೂತಿರುತ್ತಾಳೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ನಿನ್ನೆಯಿಂದ ಮೇಡಂಗೆ ಎಂದು ಕೂಡಿಟ್ಟ ಬೈಗುಳವೆಲ್ಲ ತನ್ನ ಹೆಬ್ಬೆರಳಿಗೇ ತಿರುಗಿತು. ಕೆಲಸಕ್ಕೆ ಬಾರದ, ಅಧಿಕಪ್ರಸಂಗಿ ಬೆರಳು.

“ಕೆಡಿಸಿಬಿಟ್ಟೆ ಕಣೇ,” ಎಂದ.

“ಇಲ್ಲ, ಚೆನ್ನಾಗಿದೆ. ಇನ್ನು ತಲೆ ಹೇಗೆ ಮಾಡೋದು?”

“ಗೊತ್ತಿಲ್ಲ.”

“ಗೊತ್ತು ನಿಂಗೆ! ಹೇಳು.”

“ಹೇಳಲ್ಲ.”

ಮೆಣಸಿನ ಕಣ್ಣು ತುಂಬಿತು. ಒಂದು ಮಾತು ಸಾಕು, ‘ಹಿಂದಕ್ಕೆ ಬಗ್ಗಿಸು’ ಎಂದರೆ ಸಾಕು, ಅಳು ನಿಲ್ಲುತ್ತಿತ್ತು. ಹಲ್ಲಪ್ಪ ಹಲ್ಲು ಕಚ್ಚಿ ಕೂತ.

“ಮತ್ತೆ ಕುತ್ತಿಗೆಗೆ ಯಾಕೆ ಕೈ ಹಾಕ್ದೆ?” ಎಂದು ಅವಳು ಕಿರುಚಿದಳು. ಕಿರುಚಿದವಳೇ ಆ ನಯವಾದ ಕುತ್ತಿಗೆಯನ್ನು ಚಿವುಟಿ ಕಿತ್ತು, ಮುದ್ದೆ ಮಾಡಿ, ಮೇಜಿಗೆ ಕುಕ್ಕಿದಳು. ಸ್ವಲ್ಪ ಹೊತ್ತು ಅದನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು, ಮುದ್ದೆಯನ್ನು ಎತ್ತಿಕೊಂಡು, ಕುರ್ಚಿಯನ್ನು ಕರ್ರನೆ ಎಳೆದು ಅಪ್ಪನಿಗೆ ಬೆನ್ನು ಹಾಕಿ ಕೂತಳು.

ಹಲ್ಲಪ್ಪ ಕುತ್ತಿಗೆ ಉದ್ದ ಮಾಡಿ ಇಣುಕಿದ.

“ನೋಡಬೇಡ!” ಎಂದಳು ಮೆಣಸು, ತಿರುಗದೆಯೇ. “ಅಡುಗೆಮನೆಗೆ ಹೋಗು. ಕರೆಯೋ ತನಕ ಬರಬೇಡ.”

ಅವನು ಬಾಯಿ ಮುಚ್ಚಿಕೊಂಡು ಎದ್ದು ಹೋದ.