ರೊಟ್ಟಿ ಬಡಿಯುವ ಹೊತ್ತು

ನನ್ನ ಗಂಡನ ಹೆಸರು ಶಟ್ಟೆಪ್ಪ. ಗಂಡನ ಹೆಸರು ಹೇಳಬಾರದೆಂದು ನಮ್ಮತ್ತೆ ಈಗಲೂ ಗದರಿಸುತ್ತಾರೆ. ಆದರೆ ಹದಿನೆಂಟು ವರ್ಷ ಆ ಹೆಸರನ್ನು ಬಾರಿನವರೇ ಬೇಕಾದಷ್ಟು ಕೂಗಿದ್ದಾರೆ, ಇನ್ನು ನಾನು ಹೇಳಿದರೆ ಏನು ಮಹಾ.

ಹೋದ ದೀಪಾವಳಿಯ ನಂತರ ಹದಿನೈದು ದಿನ ದವಾಖಾನೆಯಲ್ಲಿದ್ದು ಕುಡಿತ ಬಿಟ್ಟು ಬಂದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಸಂಜೆ ಆರರಿಂದ ಎಂಟರವರೆಗಿನ ಹೊತ್ತು ದಾಟಿಸುವುದೇ ಕಷ್ಟ, ಆಗ ಕೈಗೆ ಏನಾದರೂ ಕೆಲಸ ಕೊಡಿ ಎಂದರು. ಮುನವಳ್ಳಿಯ ನಮ್ಮ ಮನೆಯಲ್ಲಿ ಆ ಹೊತ್ತಿಗೆ ಇರುವ ಕೆಲಸ ಒಂದೇ, ಜೋಳದ ರೊಟ್ಟಿ ಬಡಿಯುವುದು. ಹಿಟ್ಟಿನ ಡಬ್ಬಿ ತಂದು ಅವರ ಮುಂದಿಟ್ಟೆ.

ಮೊದಲ ವಾರದ ರೊಟ್ಟಿಗಳನ್ನು ಎಮ್ಮೆ ತಿಂದಿತು. ಎರಡನೆಯ ವಾರ ಎಮ್ಮೆಯೂ ಮೂಸಿ ಮುಖ ತಿರುಗಿಸಿತು. ಅವರ ಕೈ ನಡುಗುತ್ತಿತ್ತು, ರೊಟ್ಟಿಯ ಅಂಚು ಸೀಳುತ್ತಿತ್ತು, ಹಂಚಿಗೆ ಹಾಕುವಷ್ಟರಲ್ಲಿ ಎರಡು ತುಂಡಾಗುತ್ತಿತ್ತು. ನಾನು ಸುಮ್ಮನಿರುವವಳಲ್ಲ, ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅವರು ಇನ್ನೊಂದು ಉಂಡೆ ತೆಗೆದುಕೊಳ್ಳುತ್ತಿದ್ದರು. ನೆರೆಮನೆಯ ಬಾಯವ್ವ ಈ ತಮಾಷೆ ನೋಡಲೆಂದೇ ದಿನಾ ಸಕ್ಕರೆ ಕೇಳಲು ಬರುತ್ತಿದ್ದಳು.

ಮೂರನೆಯ ತಿಂಗಳು ಒಂದು ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಅವತ್ತು ಅವರೇ ಬಾಯವ್ವನನ್ನು ಕೂಗಿ ಕರೆದು ತೋರಿಸಿದರು. ಆಮೇಲೆ ನನ್ನ ರೊಟ್ಟಿಗೇ ಹೆಸರಿಡತೊಡಗಿದರು. ನೀರು ಸರಿಯಾಗಿ ಕುದ್ದಿಲ್ಲವಂತೆ, ನಾದಿದ್ದು ಸಾಲದಂತೆ. ನನಗೆ ಸಿಟ್ಟು ಬರುತ್ತಿತ್ತು, ಒಳಗೊಳಗೆ ಖುಷಿಯೂ ಆಗುತ್ತಿತ್ತು.

ನಂಬಿಕೆ ಮಾತ್ರ ಬಂದಿರಲಿಲ್ಲ. ಹದಿನೆಂಟು ವರ್ಷ ಎಂತೆಂಥ ಸುಳ್ಳು ಕೇಳಿದ್ದೇನೆ. ಒಬ್ಬನೇ ಗೆಳೆಯನ ಅಪ್ಪ ನಾಲ್ಕು ಸಲ ಸತ್ತಿದ್ದ.

ಮೊನ್ನೆ ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿಗೆ ಯರಗಟ್ಟಿಗೆ ಹೋದವರು ಐದರ ಬಸ್ಸಿಗೆ ಬರಲಿಲ್ಲ. ಆರಾಯಿತು, ಏಳಾಯಿತು. ಫೋನು ಎತ್ತಲಿಲ್ಲ. ಒಲೆ ಆರಿಸಿ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಬರಲಿ, ಇವತ್ತು ಊರ ಮುಂದೆಯೇ ಎರಡರಲ್ಲೊಂದು ಆಗಿಬಿಡಲಿ ಎಂದು ಬೈಗುಳವನ್ನೆಲ್ಲ ಜೋಡಿಸಿಟ್ಟುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು.

ಏಳೂವರೆಗೆ ಯರಗಟ್ಟಿ ಬಸ್ಸು ಬಂತು. ಇಳಿದು ನೆಟ್ಟಗೆ ನಡೆದು ಬಂದರು. ಹತ್ತಿರ ಹೋಗಿ ಮೂಸಿದೆ, ಬಾಯಿಂದ ಯಾವ ವಾಸನೆಯೂ ಬರಲಿಲ್ಲ. ಬಸ್ಸು ಕೆಟ್ಟಿತ್ತೇನು ಎಂದು ನಾನೇ ಕೇಳಿದೆ. ಹೂಂ ಎಂದಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು.

“ಬಸ್ ಏನೂ ಕೆಟ್ಟಿರಲಿಲ್ಲ. ಕುಡಿಯಾಕಂತ ಬಾರಿಗೆ ಹೋಗಿದ್ದೆ,” ಎಂದರು.

ನಾನು ಇನ್ನೊಮ್ಮೆ ಮೂಸಿದೆ. ಅವರು ಹೇಳುತ್ತಲೇ ಹೋದರು. ರಿಪೇರಿ ತಡವಾಗಿದೆ, ಕಾಲು ತಾನಾಗಿ ಹಳೆಯ ಜಾಗಕ್ಕೆ ಹೋಗಿದೆ, ಗ್ಲಾಸು ಮುಂದೆ ಬಂದಿದೆ. ಎದುರಿಗೆ ಹಳೆಯ ಜೊತೆಗಾರ ಲಗಮಪ್ಪ ಕುಳಿತಿದ್ದನಂತೆ. ನೀನೀಗ ರೊಟ್ಟಿ ಬಡಿಯುತ್ತೀಯಂತೆ ಎಂದು ನಕ್ಕು, ಅದೇನು ದೊಡ್ಡ ವಿದ್ಯೆ, ತಣ್ಣೀರಲ್ಲಿ ಹಿಟ್ಟು ಕಲಸಿ ಬಡಿದರಾಯಿತು ಎಂದನಂತೆ. ನಗುವುದನ್ನು ಇವರು ಸಹಿಸಿದರು, ತಣ್ಣೀರನ್ನು ಸಹಿಸಲಾಗಲಿಲ್ಲ. ಕುದಿಯುವ ನೀರೇ ಏಕೆ ಬೇಕು, ಎಷ್ಟು ನಾದಬೇಕು, ಅಂಚು ಹೇಗೆ ತಿದ್ದಬೇಕು ಎಂದು ಮೇಜಿನ ಮೇಲೆ ಕೈ ಬಡಿದು ತೋರಿಸಿದ್ದಾರೆ. ಒಳಗಿನಿಂದ ಅಡುಗೆಯವನೂ ಬಂದು ನಿಂತು ಇವರ ಪರ ವಹಿಸಿದನಂತೆ. ವಾದ ಇನ್ನೂ ನಡೆದಿರುವಾಗಲೇ ಬಸ್ಸಿನ ಹಾರ್ನ್ ಕೇಳಿಸಿ ಓಡಿ ಬಂದಿದ್ದಾರೆ. ಗ್ಲಾಸು ತುಂಬಿದ್ದು ತುಂಬಿದ ಹಾಗೆಯೇ ಉಳಿದಿತ್ತಂತೆ.

“ಬಸ್ ಇನ್ನ ಹತ್ತ ಮಿನಿಟ ತಡಾ ಆಗಿದ್ರ ಕುಡೀತಿದ್ದೆ, ಮಹಾನಂದಾ. ನಿನಗ ಸುಳ್ಳ ಹೇಳಿ ಹೇಳಿ ನನಗ ಸಾಕಾಗೇತಿ.”

ಜೋಡಿಸಿಟ್ಟ ಬೈಗುಳ ಒಂದೂ ನೆನಪಾಗಲಿಲ್ಲ. ಕುಡಿಯದೆ ಮನೆಗೆ ಬಂದ ದಿನಗಳು ಹಿಂದೆಯೂ ಇದ್ದವು. ತಪ್ಪಿಸಿಕೊಳ್ಳಲು ದಾರಿಯಿದ್ದೂ ನಿಜ ಹೇಳಿದ್ದು ಇದೇ ಮೊದಲು. ನನಗೆ ಅಳು ಬಂತು. ಸುತ್ತಲೂ ಜನ ಇದ್ದರು, ಸೆರಗಿನಿಂದ ಕಣ್ಣೊರೆಸಿಕೊಂಡು ಮನೆಯ ಕಡೆ ಹೊರಟೆ. ಅವರೂ ಪಕ್ಕದಲ್ಲೇ ನಡೆದರು.

“ಇನ್ನ ಮ್ಯಾಲೆ ಹಂಗ ಅನಸಿದ್ರ ಮೊದಲ ನನಗ ಫೋನ್ ಮಾಡ್ರಿ,” ಎಂದೆ. “ನಾ ಏನೂ ಬೈಯೂದಿಲ್ಲ.”

ಬೈಯುವುದಿಲ್ಲ ಎಂಬ ಮಾತನ್ನು ಅವರು ನಂಬಲಿಲ್ಲ, ನಗತೊಡಗಿದರು. ನನಗೂ ನಗು ಬಂತು.

“ಬೈದ್ರೂ ಮಾಡತೇನಿ,” ಎಂದರು.