ಮುಖಪುಟದ ಖಾಲಿ ಚೌಕ

ಹರಾಜುಗಾರ ಹಾರ್ಲನ್ ಗ್ರಿಂಡಲ್ ಒಂದು ಕುರ್ಚಿಯನ್ನು ಎದೆಗವಚಿಕೊಂಡು ಚರ್ಚಿನ ಮೆಟ್ಟಿಲು ಹತ್ತುತ್ತಿದ್ದ. ಹಿಮಗಡ್ಡೆಯ ಮೇಲೆ ಕಾಲು ಜಾರಿದಾಗ ತನ್ನ ಸೊಂಟ ಮುರಿದರೂ ಸರಿ ಎಂಬಂತೆ ಕುರ್ಚಿಯನ್ನು ಮೇಲೆತ್ತಿ ಹಿಡಿದ. ಒಳಗೆ ಬಂದವನೇ ಅದನ್ನು ವರ್ನಾಳ ಶವಪೆಟ್ಟಿಗೆಯ ಪಕ್ಕದಲ್ಲಿಟ್ಟು, ಮೇಜಿನ ಮೇಲಿದ್ದ ಅವಳ ಭಾವಚಿತ್ರವನ್ನು ತೆಗೆದು ಕುರ್ಚಿಯ ಮೇಲೆ ಒರಗಿಸಿದ.

"ಇನ್ನೂರೈವತ್ತು ವರ್ಷದ ಕುರ್ಚಿ ಕಣಮ್ಮ, ಲೊಯಿಸ್. ನಿಮ್ಮ ದೊಡ್ಡಮ್ಮನಿಗೆ ಇಷ್ಟೂ ಮರ್ಯಾದೆ ಮಾಡದಿದ್ರೆ ಹೇಗೆ?"

ಲೊಯಿಸ್ ಕುರ್ಚಿಯನ್ನು ಗುರುತಿಸಿದಳು. ಅವಳಿಗೆ ಬೆಳಗಿನಿಂದ ಬಾರದ ಅಳು ಆಗಲೂ ಬರಲಿಲ್ಲ, ಸಿಟ್ಟು ಬಂತು.

ಬೆಂಚುಗಳ ತುಂಬ ಹಳೆಸಾಮಾನಿನ ವ್ಯಾಪಾರಿಗಳೇ ಇದ್ದರು. ಅಮೆರಿಕದ ಮೇನ್ ರಾಜ್ಯದ ಕರಾವಳಿಯಲ್ಲಿ ಅಜ್ಜಿಯ ಪೆಟ್ಟಿಗೆಯೊಂದು ಕೈಬದಲಾದರೂ ಅದರ ಸುದ್ದಿ ವರ್ನಾ ಪ್ರೌಟಿಯ 'ಅಟ್ಟದ ವಾರ್ತೆ'ಯಲ್ಲಿ ಬರುತ್ತಿತ್ತು. ಮೂವತ್ತೊಂದು ವರ್ಷ, ಪ್ರತಿ ಶುಕ್ರವಾರ. ಅವಳನ್ನು ಬೈಯದ ವ್ಯಾಪಾರಿ ಇರಲಿಲ್ಲ. ಪತ್ರಿಕೆ ಬಿಡಿಸದೆ ಅಂಗಡಿ ತೆರೆದ ವ್ಯಾಪಾರಿಯೂ ಇರಲಿಲ್ಲ. ಇಂದು ಗುರುವಾರ. ಸಂಜೆ ಐದಕ್ಕೆ ಪುಟಗಳು ಮುದ್ರಣಕ್ಕೆ ಹೋಗಬೇಕು.

*

ಪತ್ರಿಕೆಯ ಎರಡನೇ ವರ್ಷ ವರ್ನಾ ಒಂದು ಮರದ ಪೆಟ್ಟಿಗೆಯನ್ನು ಹಾಡಿ ಹೊಗಳಿ ಬರೆದಿದ್ದಳು. ಅವಳ ಮಾತು ನಂಬಿ ದೋಣಿಗಾರನ ಹೆಂಡತಿಯೊಬ್ಬಳು ಕೂಡಿಟ್ಟದ್ದನ್ನೆಲ್ಲ ಸುರಿದು ಅದನ್ನು ಕೊಂಡಳು. ತಿಂಗಳಾದ ಮೇಲೆ ವರ್ನಾಳನ್ನು ಮನೆಗೆ ಕರೆದು, ಪೆಟ್ಟಿಗೆಯನ್ನು ಮಗುಚಿ ತೋರಿಸಿದಳು. ಅಡಿಯ ಹಲಗೆಯ ಮೇಲೆ ಗರಗಸದ ಗೆರೆಗಳು ಬಿಲ್ಲಿನ ಹಾಗೆ ಬಾಗಿದ್ದವು. ಹಳೆಯ ಬಡಗಿಯ ಕೈಗರಗಸ ನೆಟ್ಟಗೆ ಗೆರೆ ಎಳೆಯುತ್ತದೆ. ಬಾಗಿದ ಗೆರೆ ಚಕ್ರದ ಗರಗಸದ್ದು, ಅದು ಬಂದದ್ದು ಎಷ್ಟೋ ಕಾಲದ ಮೇಲೆ.

ಮುಂದಿನ ಶುಕ್ರವಾರ ಮುಖಪುಟದಲ್ಲಿ ಆ ಅಡಿಯ ಚಿತ್ರ ಬಂತು. ಮೇಲೆ ದಪ್ಪಕ್ಷರದಲ್ಲಿ, "ನಾನು ಬಗ್ಗಿ ನೋಡಲಿಲ್ಲ. ತಪ್ಪು ನನ್ನದು. ವರ್ನಾ ಪ್ರೌಟಿ."

ಅಂದು ಕಚೇರಿಯ ಗೋಡೆಗೆ ಅಂಟಿಸಿದ ಚೀಟಿ ಇಂದಿಗೂ ಅಲ್ಲೇ ಇದೆ: ಅಡಿ ನೋಡದೆ ಅಚ್ಚಿಲ್ಲ.

*

ಮೂರು ವಾರದ ಹಿಂದೆ ಹಾರ್ಲನ್‌ನ ಹರಾಜಿನ ಕೋಣೆಯಲ್ಲಿ ವರ್ನಾ ಇದೇ ಕುರ್ಚಿಯ ಮುಂದೆ ನಿಂತಿದ್ದಳು, ಕೈಯಲ್ಲಿ ಊರುಗೋಲು, ಪಕ್ಕದಲ್ಲಿ ಕ್ಯಾಮೆರಾ ಹಿಡಿದ ಲೊಯಿಸ್.

"ಮಗುಚು ಹಾರ್ಲನ್."

"ಮಂಡಿನೋವು ಇಟ್ಕೊಂಡು ಯಾಕೆ ಬಗ್ತೀರ ವರ್ನಾ? ನನ್ನ ಮಾತು ಸಾಲದಾ?"

"ನಿನ್ನ ಮಾತನ್ನೇ ಮೊದಲು ಮಗುಚಬೇಕು."

ಜನ ನಕ್ಕರು. ಹಾರ್ಲನ್ ನಗಲಿಲ್ಲ, ಕುರ್ಚಿಯನ್ನು ಹರಾಜಿನಿಂದಲೇ ತೆಗೆದು ಒಳಗಿಟ್ಟ. ವರ್ನಾ ಕಚೇರಿಗೆ ಬಂದು ಮುಖಪುಟದ ನಡುವೆ ಪೆನ್ಸಿಲಿನಲ್ಲಿ ಒಂದು ಚೌಕ ಎಳೆದಳು. "ಇಲ್ಲಿಗೆ ಆ ಕುರ್ಚಿಯ ಅಡಿ ಬರಬೇಕು. ಚಿತ್ರ ಸಿಗೋವರೆಗೂ ಒಂದಕ್ಷರವೂ ಬೇಡ," ಎಂದಳು ಲೊಯಿಸ್‌ಗೆ. ವಾರವಾರವೂ ಚೌಕ ಎಳೆದಳು, ಚಿತ್ರ ಸಿಗದೆ ಬೇರೆ ಸುದ್ದಿ ತುಂಬಿದಳು. ಸೋಮವಾರ ಈ ವಾರದ ಚೌಕ ಎಳೆದವಳು ಮೇಜಿನ ಮೇಲೆಯೇ ತಲೆಯಿಟ್ಟು ಹೋಗಿಬಿಟ್ಟಳು.

*

ಪ್ರಾರ್ಥನೆ ಮುಗಿಯಿತು. ಫೆಬ್ರವರಿಯ ನೆಲ ಹಿಮಕ್ಕೆ ಕಲ್ಲಾಗಿತ್ತು, ಗುಂಡಿ ತೋಡುವಂತಿರಲಿಲ್ಲ. ವರ್ನಾ ಏಪ್ರಿಲ್‌ವರೆಗೆ ಸ್ಮಶಾನದ ಕಲ್ಲುಕೋಣೆಯಲ್ಲಿ ಕಾಯಬೇಕು. ಎಲ್ಲರೂ ಊಟಕ್ಕೆ ಚರ್ಚಿನ ನೆಲಮಾಳಿಗೆಗೆ ಇಳಿದರು. ಕುರ್ಚಿಯೂ ಇಳಿಯಿತು, ಭಾವಚಿತ್ರದ ಸಮೇತ.

ವ್ಯಾಪಾರಿಗಳು ಬೇಯಿಸಿದ ಹುರುಳಿಕಾಯಿ ಬೀಜದ ತಟ್ಟೆ ಹಿಡಿದು ಅದರ ಸುತ್ತಲೇ ಸುಳಿದಾಡಿದರು.

"ಮಗುಚಿ ನೋಡೋಕೆ ಕೈ ತುರಿಸ್ತಿದೆ ಕಣೇ ಲೊಯಿಸ್," ಎಂದು ಆರಿನ್ ಟಬ್ಸ್ ಪಿಸುಗುಟ್ಟಿದ. ಎಪ್ಪತ್ತಾರು ವರ್ಷದ ಅವನು ವರ್ನಾಳ ಮೊದಲ ಚಂದಾದಾರ. "ಸಾವಿನ ಮನೇಲಿ ಕುರ್ಚಿ ಮಗುಚೋಕಾಗುತ್ತಾ? ಕಳ್ಳ ನನ್ಮಗ, ಅದು ಗೊತ್ತಿದ್ದೇ ತಂದಿದ್ದಾನೆ."

ಹಾರ್ಲನ್ ಲೊಯಿಸ್‌ಳನ್ನು ಪಕ್ಕಕ್ಕೆ ಕರೆದ. "ಕ್ಯಾಮೆರಾ ತಂದಿದ್ದೀಯಲ್ಲ. ಇದರದ್ದೇ ಒಂದು ಚಿತ್ರ ತೆಗಿ. ಮುಖಪುಟದಲ್ಲಿ ಚೌಕ ಖಾಲಿ ಬಿಟ್ಟಿದ್ದೀರಂತಲ್ಲ, ಅಲ್ಲಿಗೆ ಹಾಕು. 'ವರ್ನಾ ನೆನಪಿಗೆ. ಕುರ್ಚಿ: ಗ್ರಿಂಡಲ್ ಅವರದು.' ಅಷ್ಟು ಸಾಕು."

'ಅಟ್ಟದ ವಾರ್ತೆ'ಯ ಮುಖಪುಟದಲ್ಲಿ, ವರ್ನಾಳ ಮುಖದ ಕೆಳಗೆ ಬಂದ ಕುರ್ಚಿ! ಇನ್ನು ಜನ್ಮದಲ್ಲಿ ಯಾರೂ ಅದನ್ನು ಮಗುಚೆನ್ನುವುದಿಲ್ಲ.

"ಹಾಕದಿದ್ರೆ?"

"ಕೊನೇ ಪುಟದ ಜಾಹೀರಾತು ನಂದು. ನನ್ನ ಹಿಂದೆ ಬರೋರು ಇನ್ನೂ ಹನ್ನೊಂದು ಜನ. ನಾವು ಕೈಬಿಟ್ರೆ ಈಸ್ಟರ್ ಹೊತ್ತಿಗೆ ಪತ್ರಿಕೆ ಇರಲ್ಲ ಮಗಳೇ. ದೊಡ್ಡಮ್ಮನ ಹೆಸರು ಉಳಿಸ್ಕೋ."

ಅವನು ಹೇಳಿದ್ದು ಸುಳ್ಳಲ್ಲ. ಪುಟ ಕಟ್ಟುವ ಇಬ್ಬರು ಹೆಂಗಸರ ಮುಖ ಲೊಯಿಸ್‌ಳ ಕಣ್ಣ ಮುಂದೆ ಬಂತು. ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು.

ಅವಳು ಕುರ್ಚಿಯ ಬಳಿ ಹೋದಳು. ಭಾವಚಿತ್ರವನ್ನು ಎರಡು ಕೈಯಲ್ಲಿ ಎತ್ತಿ ನೆಲದ ಮೇಲೆ ಗೋಡೆಗೆ ಒರಗಿಸಿಟ್ಟಳು.

"ಕ್ಷಮಿಸು ದೊಡ್ಡಮ್ಮ, ಒಂದ್ನಿಮಿಷ," ಎಂದು ಕುರ್ಚಿಯನ್ನು ಮಗುಚಿದಳು.

ತಟ್ಟೆಗಳ ಸದ್ದು ನಿಂತಿತು.

"ಲೊಯಿಸ್!" ಹಾರ್ಲನ್ ಚೀರಿದ. "ಇದು ಸಾವಿನ ಮನೆ! ನಾಚಿಕೆ ಆಗಲ್ವಾ?"

"ಆಗುತ್ತೆ. ಮೂರು ವಾರದ ಹಿಂದೆ ಆಕೆ ಕೇಳಿದಾಗಲೇ ನಾನು ಇದನ್ನ ಮಗುಚಲಿಲ್ಲವಲ್ಲ, ಅದಕ್ಕೆ ನಾಚಿಕೆ ಆಗುತ್ತೆ."

ಆರಿನ್ ತಟ್ಟೆ ಕೆಳಗಿಟ್ಟು, ಸೂಟಿನ ಜೇಬಿನಿಂದ ಟಾರ್ಚು ತೆಗೆದ. ಮಂಡಿಗಳು ಲಟಲಟ ಎಂದವು. ಕುಳಿತು, ಬೆಳಕು ಬಿಟ್ಟು, ಬೆರಳಿನಿಂದ ಗೆರೆಗಳನ್ನು ಸವರಿದ.

"ಬಿಲ್ಲು," ಎಂದ ಜೋರಾಗಿ. "ಒಂದಲ್ಲ, ಒಂಬತ್ತು ಬಿಲ್ಲು. ಬನ್ನಿ ನೋಡಿ."

ಆಮೇಲೆ ಯಾರೂ ತಡೆದುಕೊಳ್ಳಲಿಲ್ಲ. ಸಾವಿಗೆ ಬಂದ ಪ್ರತಿ ಸೂಟಿನ ಜೇಬಿನಲ್ಲೂ ಟಾರ್ಚಿತ್ತು. ಒಬ್ಬರ ಹಿಂದೊಬ್ಬರು ಬಂದು ಮಂಡಿಯೂರಿದರು. ಹಾರ್ಲನ್‌ನ ಹನ್ನೊಂದು ಜನರಲ್ಲಿ ಏಳು ಮಂದಿ ಸಾಲಿಗೆ ಸೇರಿದರು. ನಾಲ್ವರು ಹೊರಡಲು ಕೋಟು ಹುಡುಕತೊಡಗಿದರು.

ಕಾಫಿ ಹಿಡಿದು ಇಳಿದು ಬಂದ ಪಾದ್ರಿ ಕಣ್ಣುಜ್ಜಿಕೊಂಡರು. "ಪ್ರಾರ್ಥನೆ ಆಗಲೇ ಮುಗೀತಲ್ಲ?"

"ಇದು ಎರಡನೇದು ಪಾದ್ರಿಗಳೇ," ಎಂದ ಆರಿನ್. "ಸಾಲಲ್ಲಿ ಬನ್ನಿ."

ಲೊಯಿಸ್ ಕ್ಯಾಮೆರಾ ಕಣ್ಣಿಗೇರಿಸಿದಳು. ನೆಲದ ಮಟ್ಟಕ್ಕೆ ಬಗ್ಗಿ ಗುಂಡಿ ಒತ್ತಿದಳು.

ಶುಕ್ರವಾರ ಬೆಳಿಗ್ಗೆ ಪತ್ರಿಕೆ ಬಂತು. ಕೊನೆಯ ಪುಟ ಪೂರ್ತಿ ಖಾಲಿ. ಮುಖಪುಟದ ಚೌಕದಲ್ಲಿ ನಾಲ್ಕು ಕಾಲು ಮೇಲೆ ಮಾಡಿದ ಕುರ್ಚಿ, ಟಾರ್ಚಿನ ಬೆಳಕಿನಲ್ಲಿ ಬಾಗಿದ ಗೆರೆಗಳು, ಸುತ್ತ ಪಾಲಿಶು ಹಾಕಿದ ಕಪ್ಪು ಬೂಟುಗಳು. ಚಿತ್ರದ ಅಂಚಿನಲ್ಲಿ, ನೆಲದ ಮೇಲೆ ಗೋಡೆಗೊರಗಿದ ಚೌಕಟ್ಟಿನೊಳಗಿಂದ, ವರ್ನಾ ಕುರ್ಚಿಯ ಅಡಿಯನ್ನೇ ದಿಟ್ಟಿಸಿ ನೋಡುತ್ತಿದ್ದಳು.